ಇಸವಿಯ ಕೆಳಗಿನ ಚುಕ್ಕಿ

ಒಳಗೆ ಬಂದ ಗಿರಾಕಿ ಮುದುಕರ ಕಡೆ ನೋಡಲೇ ಇಲ್ಲ. ಅವರ ಮಗಳನ್ನು ನೋಡಿದ. ಅವಳು ಕಣ್ಣಲ್ಲೇ ಕುರ್ಚಿ ತೋರಿಸಿದಳು. ಹಳೆ ನಾಣ್ಯಗಳ ವ್ಯಾಪಾರದಲ್ಲೇ ತಲೆ ನರೆತ ಮುದುಕರಿಗೆ ಇದು ಕಾಣುವಂತಿರಲಿಲ್ಲ. ಅವರ ಕಣ್ಣು ಹೋಗಿತ್ತು.

"ಏನು ತಂದಿದೀರಿ?"

"ತಾಮ್ರದ ಕಾಸು, ಯಜಮಾನ್ರೇ. ಅಜ್ಜಿ ಪೆಟ್ಟಿಗೇಲಿತ್ತು." ಗಿರಾಕಿ ಗಂಟಲು ದಪ್ಪ ಮಾಡಿಕೊಂಡು ಮಾತಾಡಿದ.

ಮುದುಕರು ಕಾಸನ್ನು ಅಂಚಿನಲ್ಲಿ ಹಿಡಿದು ಹೆಬ್ಬೆರಳ ಉಗುರಾಡಿಸಿದರು. "ಇಸವಿ ಓದಮ್ಮ."

ಮಗಳು ಕಾಸಿನತ್ತ ತಿರುಗಿಯೂ ನೋಡದೆ ಯಾವುದೋ ಇಸವಿ ಹೇಳಿದಳು.

"ಅದರ ಕೆಳಗೆ ಚುಕ್ಕಿ ಇದೆ!" ಮುದುಕರ ಮುಖ ಅರಳಿತು. "ಚುಕ್ಕಿ ಇದ್ರೆ ಸಣ್ಣ ಟಂಕಸಾಲೇದು ಅಂತ ಲೆಕ್ಕ. ಅಲ್ಲಿ ಅಚ್ಚು ಹಾಕಿದ್ದೇ ಕಮ್ಮಿ. ಚುಕ್ಕಿ ಇಲ್ದಿದ್ರೆ ದೊಡ್ಡ ಟಂಕಸಾಲೇದು, ಮೂಸಿ ನೋಡೋರಿಲ್ಲ." ಉಗುರು ಇನ್ನೊಂದು ಬದಿಗೆ ಹೋಯಿತು. "ಆದ್ರೆ ರಾಣಿ ತಲೆಗೂದಲೆಲ್ಲ ನುಣ್ಣಗಾಗಿದೆ. ಯಾರೋ ಪುಣ್ಯಾತ್ಗಿತ್ತಿ ಉಜ್ಜಿ ಉಜ್ಜಿ ತೊಳೆದಿದಾಳೆ. ತೊಳೆದ ಕಾಸಿಗೆ ಅರ್ಧ ಬೆಲೆ."

ಗಿರಾಕಿ ಚೌಕಾಸಿ ಮಾಡಲಿಲ್ಲ. ಮಗಳು ಗಲ್ಲಾದಿಂದ ನೋಟು ತೆಗೆದುಕೊಟ್ಟಳು. ಅಪ್ಪ ಕೊಟ್ಟ ಕಾಸನ್ನು ಮುಷ್ಟಿಯಲ್ಲಿ ಅಡಗಿಸಿ, ನಾಣ್ಯದ ಡಬ್ಬಿಗೆ ಅಂಗಿಯ ಗುಂಡಿಯೊಂದನ್ನು ಹಾಕಿ ಟಣ್ಣೆನಿಸಿದಳು.

"ಈಚೆಗೆ ಒಳ್ಳೆ ಮಾಲೇ ಬರ್ತಿಲ್ಲ," ಮುದುಕರು ಗೊಣಗಿದರು. "ಒಂದಕ್ಕಿಂತ ಒಂದು ಸವಕಲು."

ಬೀದಿ ಬಾಗಿಲಿನಿಂದ ಹೋದ ಗಿರಾಕಿ ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದ. ನೋಟನ್ನು ಅವಳ ಕೈಗೆ ವಾಪಸು ಕೊಟ್ಟು ಗೋಡೆಗೊರಗಿ ಕೂತ. ಅವನು ಅವಳ ಗಂಡ.

ಅಂಗಡಿ ಎಂದೋ ಮಾರಿಹೋಗಿತ್ತು. ಕಣ್ಣಿನ ಆಪರೇಷನ್ನಿಗೆಂದು ಅಪ್ಪನಿಗೆ ತಿಳಿಸದೆ ನಾಣ್ಯಗಳನ್ನೆಲ್ಲ ಮಾರಿದರು. ನಾಣ್ಯವೂ ಹೋಯಿತು, ಕಣ್ಣೂ ಬರಲಿಲ್ಲ. ಹಳೆಯ ಗಲ್ಲಾ ಮೇಜನ್ನು ಮುಂದಿನ ಕೋಣೆಗೆ ತಂದು, ಅಂಗಡಿ ಮನೆಗೆ ಬಂದಿದೆ ಅಂದಿದ್ದರು. ಗಿರಾಕಿಗಳು ಮಾತ್ರ ಬರಲಿಲ್ಲ. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದರು, ತಟ್ಟೆ ಮುಟ್ಟಲಿಲ್ಲ. ಆಗ ಶುರುವಾದದ್ದು ಈ ನಾಟಕ. ಉಳಿದಿದ್ದುದು ಒಂದೇ ಕಾಸು. ಅದೇ ಕಾಸೆಂದು ಗುರುತು ಸಿಗದಿರಲೆಂದು ಅವಳು ದಿನಾ ಪಾತ್ರೆ ಪುಡಿ ಹಾಕಿ ತಿಕ್ಕುತ್ತಿದ್ದಳು.

"ನನ್ ಕೈಲಿ ಇನ್ನಾಗಲ್ಲ ಕಣೇ. ಕೆಲಸ ಮುಗಿಸಿ ಬಂದ್ರೆ ಇಲ್ಲಿ ಇನ್ನೊಂದು ಪಾಳಿ."

"ನಂಗೆ ಸಾಕಾಗಿಲ್ವಾ?" ಅವಳು ನಲ್ಲಿ ತಿರುಗಿಸಿದಳು. "ಆದ್ರೆ ಚುಕ್ಕಿ ಸಿಕ್ಕಿದ ಕೂಡ್ಲೇ ಅಪ್ಪನ ಮುಖ ನೋಡಿದ್ರಾ? ಅದೊಂದಕ್ಕೇ ರೀ. ನಿಜ ಗೊತ್ತಾದ್ರೆ ಮತ್ತೆ ಮಲಗಿಬಿಡ್ತಾರೆ."

ಇಬ್ಬರಲ್ಲೂ ಜಗಳಕ್ಕೆ ಬೇಕಾದ ಶಕ್ತಿ ಇರಲಿಲ್ಲ. ಅವಳು ಕಾಸು ತಿಕ್ಕತೊಡಗಿದಳು.

ಮರುದಿನ ಅವನು ಬಂದಾಗ ಅವಳು ಔಷಧಿ ತರಲು ಹೊರಟಿದ್ದಳು. ಬಾಗಿಲಲ್ಲೇ ಕಾಸನ್ನು ಅವನ ಕೈಗೆ ದಾಟಿಸಿ ಹೋದಳು. ಅವನೊಬ್ಬನೇ ಮುದುಕರ ಎದುರು ಕೂತ.

ಮುದುಕರು ಕಾಸನ್ನು ಬಹಳ ಹೊತ್ತು ಸವರಿದರು. ಬೆಲೆ ಹೇಳಲಿಲ್ಲ.

"ಮಗಳು ಇಲ್ವಾ?"

"ಈಗ ತಾನೇ ಹೊರಗೆ ಹೋದ್ರು, ಯಜಮಾನ್ರೇ."

"ಹಾಗಾದ್ರೆ ಆ ಗಂಟಲಿಗೆ ಸ್ವಲ್ಪ ಬಿಡುವು ಕೊಡಿ, ಅಳಿಯಂದಿರೇ."

ಅವನು ಕುರ್ಚಿಯಿಂದ ಅರ್ಧ ಎದ್ದು ಬಾಗಿಲ ಕಡೆ ನೋಡಿದ.

"ಅವಳಿಗೆ ಹೇಳ್ಬೇಡಿ. ಅಪ್ಪ ಖುಷಿಯಾಗಿದಾನೆ ಅಂತ ಆ ಹುಡುಗಿ ಹೇಗೋ ದಿನ ದೂಡ್ತಿದಾಳೆ." ಮುದುಕರು ಕೈ ಚಾಚಿ, ತಡಕಾಡಿ, ಕಾಸನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ತಿಕ್ಕೋದೊಂದು ಹೇಗಾದ್ರೂ ಬಿಡಿಸಿ, ಪಾಪ, ಕೈ ಸವೀತದೆ. ಆ ಚುಕ್ಕಿ ಅಳಿಸಿಹೋಗಿ ಬಹಳ ದಿನ ಆಯ್ತು."