ಕತ್ತೆಕಿರುಬದ ಹಾಲುಹಲ್ಲು

ಮಗಳು ಎಕ್ಸ್‌ರೇ ಹಾಳೆಯನ್ನು ಮ್ಯೂಸಿಯಮ್ಮಿನ ಕಿಟಕಿಯ ಬೆಳಕಿಗೆ ಹಿಡಿದಳು. ಕಲ್ಲಾಗಿಹೋಗಿದ್ದ ಕತ್ತೆಕಿರುಬದ ಆ ಪುಟ್ಟ ದವಡೆಯೊಳಗೆ, ಕಾಣುವ ಹಲ್ಲುಗಳ ಬುಡದಲ್ಲೇ, ಇನ್ನೊಂದು ಸಾಲು ದೊಡ್ಡ ಹಲ್ಲುಗಳು ಹುಟ್ಟಲು ಕಾದು ಕುಳಿತಿದ್ದವು. ಅಂದರೆ ಮೇಲಿನವು ಹಾಲುಹಲ್ಲು. ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ ಗಿಡ್ಡ ಕತ್ತೆಕಿರುಬಗಳ ಹೊಸ ಕುಲ ಎಂದು ಅಪ್ಪ ಲೋಕಕ್ಕೆ ಸಾರಿದ್ದ ಪ್ರಾಣಿ, ಪಂಡಿತರಿಗೆಲ್ಲ ಮೊದಲೇ ಗೊತ್ತಿದ್ದ, ಅದೇ ಕಾಲದ ದೈತ್ಯ ಕತ್ತೆಕಿರುಬದ ಮರಿ, ಅಷ್ಟೇ.

ತಪ್ಪು ಯಾರಿಗಾದರೂ ಆಗುವಂಥದ್ದೇ. ಮರಿಯ ಹಲ್ಲು ದೊಡ್ಡದರ ಹಲ್ಲನ್ನೇ ಅಚ್ಚಿಳಿಸಿದಂತಿರುತ್ತದೆ, ಅಳತೆ ಮಾತ್ರ ಸಣ್ಣದು. ಆದರೆ ಆ ಕುಲಕ್ಕೆ ಅಪ್ಪ ಇಟ್ಟಿದ್ದು ಚಿಕ್ಕಮ್ಮನ ಹೆಸರು. ಎರಡೂ ಒಂದೇ ಪ್ರಾಣಿ ಎಂದಾದರೆ ಹಳೆಯ ಹೆಸರು ಉಳಿಯಬೇಕು, ಆಮೇಲೆ ಇಟ್ಟದ್ದು ಹೋಗಬೇಕು. ಈ ಕಸುಬಿನ ಕಟ್ಟಳೆ ಅದು. ಚಿಕ್ಕಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಹೆತ್ತ ತಾಯಿ ಹೋದ ಮೇಲೆ ಅಪ್ಪನ ಕೈಹಿಡಿದು ಮನೆಗೆ ಬಂದವಳು ಚಿಕ್ಕಮ್ಮ. ತಲೆ ಬಾಚಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೆಳೆಸಿದರೂ ಹುಡುಗಿ ಬಹಳ ಕಾಲ ಅವಳೊಡನೆ ಎಣ್ಣೆ ಸೀಗೆಕಾಯಿ. ಪ್ರೀತಿ ಹುಟ್ಟಿದ್ದು ತಡವಾಗಿ. ಈಗ ಬಾಯಿಬಿಟ್ಟರೆ, ಸತ್ತ ಮೇಲೂ ಹಗೆ ತೀರಿಸಿಕೊಂಡಳು ಎಂದು ಅಪ್ಪ ಅಂದುಕೊಂಡರೆ? ಸುಮ್ಮನಿದ್ದರೆ ಅವರೇ ಕಲಿಸಿದ ವಿದ್ಯೆಗೆ ದ್ರೋಹ. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಇವಳ ಪಾಲಿಗೆ ಪುಲಿಯ ಜಾಗದಲ್ಲಿ ಕತ್ತೆಕಿರುಬ ಬಂದು ನಿಂತಿತ್ತು.

ನಿವೃತ್ತರಾದರೂ ಅಪ್ಪ ಮಧ್ಯಾಹ್ನ ಮ್ಯೂಸಿಯಮ್ಮಿಗೆ ಬಂದು ಮಗಳ ಮೇಜಿನೆದುರು ಕೂರುವುದನ್ನು ಬಿಟ್ಟಿರಲಿಲ್ಲ. ಅಂದೂ ಬಂದರು.

“ಅಪ್ಪ, ಇದನ್ನ ಸ್ವಲ್ಪ ನೋಡಿ.”

ಅವರು ಕನ್ನಡಕ ಹಣೆಗೇರಿಸಿ ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು.

“ಮರೀನಾ?”

“ಹೂಂ.”

“ಹಾಲುಹಲ್ಲು ಯಾವುದು ಅಂತ ಗೊತ್ತಾಗದ ಪಂಡಿತ ನೋಡು ನಾನು!”

“ಯಾರಿಗೂ ಹೇಳಿಲ್ಲ ಅಪ್ಪ. ನೀವು ಬೇಡ ಅಂದ್ರೆ ಇಲ್ಲಿಗೇ ಬಿಟ್ಬಿಡ್ತೀನಿ. ಚಿಕ್ಕಮ್ಮನ ಹೆಸರು ನನ್ನ ಕೈಯಿಂದ ಅಳಿಸೋದು...”

“ಹುಚ್ಚಿ! ಸುಳ್ಳು ಇಟ್ಕೊಂಡು ಏನ್ಮಾಡೋಣ? ನೀನೇ ಬರೆದು ಕಳ್ಸು.”

ಅಪ್ಪ ಮೇಜಿನ ಮೇಲಿದ್ದ ದವಡೆಯನ್ನು ಎತ್ತಿ ಪೆಟ್ಟಿಗೆಯ ಹತ್ತಿಯ ಮೇಲೆ ಮೆಲ್ಲಗೆ ಮಲಗಿಸಿದರು.

“ಯಾರದೋ ಮರೀನ ಇಷ್ಟು ವರ್ಷ ತನ್ನ ಹೆಸರಲ್ಲಿ ಸಾಕಿದ್ಲು ಅಂದ್ಹಾಗಾಯ್ತು,” ಎಂದರು. “ಅವಳಿಗೆ ಅದೇನು ಹೊಸದಾ?”