ಉಬ್ಬು ದಾಟುವ ಗಾಡಿ

ಅಮರೇಶಪ್ಪನ ಬಿಳಿ ಅಂಬಾಸಿಡರ್ ಹೈದರಾಬಾದಿನ ಸನತ್‌ನಗರದ ರಿಪೇರಿ ಶೆಡ್ಡಿನೊಳಗೆ ನುಗ್ಗಿದಾಗ ವೈಜನಾಥನ ಕೈಯಲ್ಲಿ ನಟ್ಟು ತಿರುಗಿಸುತ್ತಿದ್ದ ಪಾನಾ ಹಾಗೇ ನಿಂತಿತು. ಸ್ಟಿಯರಿಂಗ್ ಹಿಡಿದು ಕೂತಿದ್ದವನು ವೈಜನಾಥನದೇ ಮಗ ವಾಸುದೇವ.

“ಇನ್ನ ಮ್ಯಾಲ ನನ್ನ ಗಾಡಿ ಇವನ ಓಡಸ್ತಾನ, ಉಸ್ತಾದ,” ಎಂದ ಅಮರೇಶಪ್ಪ ಇಳಿಯುತ್ತ. “ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ವಾಲ್ವ್ ಬಿಗಿ ಮಾಡು. ಕಲ್ಲಿನಂಗ ಆಗಬೇಕು. ತಿರುವಿನ್ಯಾಗ ಮೈ ವಾಲಬಾರದು, ಉಬ್ಬು ದಾಟಿದ್ರ ಬಾಲ ಕುಣೀಬಾರದು.”

“ರೇಸಿಗೇನ್ರಿ ಸಾವ್ಕಾರ್ರ?”

“ಹಂಗ ತಿಳ್ಕೋ.”

“ಮೊದಲ ಎರಡು ಗಾಡಿ ಹಂಗ ಮಾಡಿಕೊಟ್ಟಿದ್ನೆಲ್ರಿ, ಅವು?”

“ಅವು ಈಗ ನನ್ನ ಹತ್ರ ಇಲ್ಲ.”

“ಡ್ರೈವರ್ರು?”

“ಅವರೂ ಇಲ್ಲ,” ಎಂದು ಅಮರೇಶಪ್ಪ ಎಲೆ ಅಡಿಕೆ ಉಗಿಯಲು ಹೊರಗೆ ಹೋದ.

ಬೀದರಿನಿಂದ ಬರುವ ಜಹೀರಾಬಾದ್ ದಾರಿಯ ಒಂದೊಂದು ತಿರುವೂ, ಅದರ ಕೆಳಗಿನ ಹಳ್ಳವೂ ವೈಜನಾಥನ ಕಣ್ಣ ಮುಂದೆ ಬಂತು.

ಆಂಧ್ರದಲ್ಲಿ ಪಾನನಿಷೇಧ ಬಂದು ವರ್ಷ ಕಳೆದಿತ್ತು. ಗಡಿಯಾಚೆ ಬೀದರಿನಲ್ಲಿ ನಿಷೇಧವಿರಲಿಲ್ಲ. ಅಲ್ಲಿಂದ ಬರುವ ಗಾಡಿಗಳ ಡಿಕ್ಕಿಯಲ್ಲಿ ಏನಿರುತ್ತದೆ ಎಂಬುದು ಹೈದರಾಬಾದಿನ ತೊಟ್ಟಿಲ ಕೂಸಿಗೂ ಗೊತ್ತಿತ್ತು. ಗಡಿಯ ಚೆಕ್‌ಪೋಸ್ಟಿನಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ದೊಡ್ಡ ಉಬ್ಬು ಹಾಕಿದ್ದರು. ನಿಷೇಧದ ಹೊಸದರಲ್ಲಿ ಬೀದರಿನ ಮದುವೆಯೊಂದರಿಂದ ಬಸ್ಸಿನಲ್ಲಿ ಮರಳುವಾಗ ವೈಜನಾಥ ಅಲ್ಲಿಯ ತಮಾಷೆ ನೋಡಿದ್ದ. ಡಿಕ್ಕಿ ಭಾರವಾದ ಗಾಡಿ ಉಬ್ಬು ದಾಟಿದ ಮೇಲೂ ಬಾಲ ಕುಣಿಸುತ್ತಲೇ ಇರುತ್ತದೆ. ಪೊಲೀಸರು ಡ್ರೈವರನ ಮುಖ ನೋಡುತ್ತಿರಲಿಲ್ಲ, ಗಾಡಿಯ ಬಾಲ ನೋಡಿ ಕೈ ಅಡ್ಡ ಹಾಕುತ್ತಿದ್ದರು. ಸಾವುಕಾರರಿಗೆಲ್ಲ ಶಾಕ್ ಕಲ್ಲಿನಂತೆ ಬೇಕಾದದ್ದು ಆಮೇಲೆಯೇ.

“ಬ್ಯಾಡೋ ವಾಸೂ,” ಎಂದ ವೈಜನಾಥ ಮಗನನ್ನು ಮೂಲೆಗೆ ಕರೆದು.

“ನಾ ದುಡೀತಿದ್ದ ಫ್ಯಾಕ್ಟರಿ ಬಾಗಲಾ ಹಾಕ್ಯಾರ. ನನಗ ಬರೂದು ಗಾಡಿ ಓಡಸೋದೊಂದ. ನೀ ಚಲೋ ಬಿಗಿ ಮಾಡಿಕೊಡಪ್ಪಾ, ನನಗೇನೂ ಆಗಂಗಿಲ್ಲ.”

ಅತ್ತ ದರಿ, ಇತ್ತ ಪುಲಿ. ಕೆಲಸ ಚೆನ್ನಾಗಿ ಮಾಡಿದರೆ ಮಗ ಇನ್ನಷ್ಟು ಜೋರಾಗಿ ಓಡಿಸುತ್ತಾನೆ, ಆ ಕೆಸರಿನಲ್ಲಿ ಇನ್ನಷ್ಟು ಆಳಕ್ಕೆ ಇಳಿಯುತ್ತಾನೆ. ಕೆಡಿಸಿದರೆ ಮೊದಲ ತಿರುವಿನಲ್ಲೇ ಹಳ್ಳಕ್ಕೆ. ಒಲ್ಲೆ ಎಂದರೆ ಅಮರೇಶಪ್ಪ ಇನ್ನೊಬ್ಬ ಅರೆಬರೆ ಕಲಿತವನ ಹತ್ತಿರ ಹೋಗುತ್ತಾನೆ; ಅದೂ ಹಳ್ಳವೇ. ಮಗನ ಜೀವ ತನ್ನ ಕೈಯಲ್ಲೇ ಇದ್ದೂ ಏನೂ ಮಾಡಲಾರೆನಲ್ಲ ಎಂದು ವೈಜನಾಥನಿಗೆ ಅಳು ಬಂತು.

“ಪೊಲೀಸರಿಗೆ ನೀವ ಹೇಳಿಬಿಡ್ರಿ,” ಎಂದಳು ಮನೆಯಲ್ಲಿ ಹೆಂಡತಿ ಗೋದಾಬಾಯಿ, ಸೆರಗಿನಿಂದ ಕಣ್ಣೊರೆಸುತ್ತ. “ಜೇಲಿನ್ಯಾಗಾದ್ರೂ ಜೀವಂತ ಇರ್ತಾನ.”

ವೈಜನಾಥ ಠಾಣೆಯ ಮೆಟ್ಟಿಲವರೆಗೂ ಹೋಗಿ ಬಂದ. ಹೆತ್ತ ಮಗನ ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ. ತಾನು ಆಡಲಾರದ್ದನ್ನು ಶಾಕೇ ಆಡಲಿ ಎಂಬ ಯೋಚನೆ ಹೊಳೆದದ್ದು ಮರಳಿ ಬರುವಾಗ.

ಶಾಕಿನ ಕೊಳವೆಯೊಳಗೆ ಎಣ್ಣೆಗೆ ಎರಡು ದಾರಿ. ತಿರುವಿನಲ್ಲಿ ಗಾಡಿ ನಿಧಾನವಾಗಿ ವಾಲುವಾಗ ಎಣ್ಣೆ ಸಣ್ಣ ರಂಧ್ರದಲ್ಲಿ ಹರಿಯುತ್ತದೆ. ಉಬ್ಬಿಗೆ ದಡಕ್ಕನೆ ಬಡಿದಾಗ ವಾಲ್ವಿನ ತೆಳು ಬಿಲ್ಲೆಗಳನ್ನು ಎತ್ತಿಕೊಂಡು ನುಗ್ಗುತ್ತದೆ. ವೈಜನಾಥ ರಂಧ್ರವನ್ನು ಕಿರಿದು ಮಾಡಿದ. ತಿರುವಿನಲ್ಲಿ ಗಾಡಿ ಬಂಡೆಯಂತೆ ಕೂರಬೇಕು. ಬಿಲ್ಲೆಗಳನ್ನು ಮಾತ್ರ ಅರ್ಧಕ್ಕರ್ಧ ತೆಗೆದುಬಿಟ್ಟ. ಡಿಕ್ಕಿ ತುಂಬಿದ ದಿನ ಉಬ್ಬಿನ ಮೇಲೆ ಬಾಲ ಮನಸಾರೆ ಕುಣಿಯಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ನಾಜೂಕಿನ ಕೆಲಸವನ್ನು ಅವನು ಯಾರಿಗೂ ಮಾಡಿಕೊಟ್ಟಿರಲಿಲ್ಲ.

ಖಾಲಿ ಗಾಡಿಯಲ್ಲಿ ಕೂತು ಒಂದು ಸುತ್ತು ಹೊಡೆದು ಬಂದ ಅಮರೇಶಪ್ಪ, “ತಿರುವಿನ್ಯಾಗ ಲೋಟದ ನೀರೂ ಚೆಲ್ಲಂಗಿಲ್ಲ!” ಎಂದು ಬೆನ್ನು ತಟ್ಟಿದ.

ವಾಸುದೇವ ಬೀದರಿಗೆ ಹೊರಡುವಾಗ ವೈಜನಾಥ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಮಗ ಸಿಕ್ಕಿಬೀಳಲಿ ಎಂದು ದೇವರಿಗೆ ಕೈಮುಗಿದ ತಂದೆ ಲೋಕದಲ್ಲಿ ಅವನೊಬ್ಬನೇ ಇರಬೇಕು.

ವಾಸುದೇವ ಅಂದು ಮನೆಗೆ ಬರಲಿಲ್ಲ. ಗೋದಾಬಾಯಿ ಜೇಲಿಗೆ ಒಯ್ಯಲು ಅವನ ಅಂಗಿಗಳನ್ನು ಮಡಚಿ ಚೀಲಕ್ಕೆ ತುಂಬಿದಳು. ಮೇಲೆ ಒಂದು ಡಬ್ಬಿ ಶೇಂಗಾ ಚಟ್ನಿ ಇಟ್ಟಳು. ಮರುದಿನ ವೈಜನಾಥ ಶೆಡ್ಡಿನಲ್ಲಿ ಪೊಲೀಸರ ದಾರಿ ಕಾಯುತ್ತ ಕೂತ. ಬಹಳ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು.

ಮಧ್ಯಾಹ್ನ ಹಾರ್ನ್ ಕೇಳಿಸಿತು. ಬಂದದ್ದು ಬಿಳಿ ಅಂಬಾಸಿಡರ್. ಅದರ ಹಿಂದೆ ಅಂಥವೇ ಇನ್ನಷ್ಟು ಗಾಡಿಗಳು ಗಲ್ಲಿಯುದ್ದಕ್ಕೂ ಸಾಲುಗಟ್ಟಿದ್ದವು. ಅಮರೇಶಪ್ಪ ಪೇಢೆಯ ಡಬ್ಬಿ ಹಿಡಿದು ಇಳಿದ.

“ಏನ್ ತಲಿ ಓಡಿಸೀದಿ ಉಸ್ತಾದ! ಇವನ್ನೆಲ್ಲಾ ವಾಸೂನ ಗಾಡಿ ಹಂಗ ಮಾಡಿಕೊಡು. ಇನ್ನ ದಿನಾ ಸಾಲಿನ ಮುಂದ ಅವನ ಇರ್ತಾನ.”

ವೈಜನಾಥನಿಗೆ ತಲೆಬುಡ ತಿಳಿಯಲಿಲ್ಲ. ವಾಸುದೇವ ಓಡಿಬಂದು ಅವನ ಕಾಲು ಮುಟ್ಟಿದ. ಕಣ್ಣಲ್ಲಿ ನೀರಿತ್ತು.

“ಬಾಯಿಲೆ ಬ್ಯಾಡ ಅಂದ್ರೂ ಕೈಲೆ ನನ್ನ ಉಳಿಸಿದಿ, ಅಪ್ಪಾ. ನಿನ್ನೆ ಅಲ್ಲಿ ನೋಡಿದ ಮ್ಯಾಲ ನಮಗ ತಿಳೀತು, ಸಾವ್ಕಾರ್ರು ಶಾಕ್ ಬಿಗಿ ಮಾಡಸ್ತಾರಂತ ಗೊತ್ತಾಗಿ ಈಗ ಪೊಲೀಸರು ಕಲ್ಲಿನಂಗ ದಾಟೋ ಗಾಡೀನ ಹಿಡೀತಾರ. ನೀ ಮೊದಲ ಮಾಡಿಕೊಟ್ಟ ಎರಡೂ ಹಂಗ ಸಿಕ್ಕಿಬಿದ್ದು ಡ್ರೈವರ್ರು ಜೇಲಿನ್ಯಾಗದಾರ. ನಂದು ಉಬ್ಬಿನ ಮ್ಯಾಲ ಕುಣಿಯೋದು ನೋಡಿ, ‘ಪಾಪ, ಸಂಸಾರಸ್ಥನ ಗಾಡಿ, ಶಾಕ್ ಹಾಕ್ಸಾಕೂ ಗತಿ ಇಲ್ಲ’ ಅಂತ ಕೈಬೀಸಿ ಬಿಟ್ಟ್ರು.”