ಒಂದು ಲೋಟ ಬಿಸಿನೀರು

ಬೆಲ್ಟ್ ಹಾಕಿಕೊಳ್ಳಿ ಎನ್ನುವ ದೀಪ ಉರಿಯುತ್ತಿದ್ದಾಗಲೇ ನಿವೃತ್ತ ಹೆಡ್‌ಮಾಸ್ತರರು ಬೆಲ್ ಒತ್ತಿದ್ದರು, ಒಂದು ಲೋಟ ಬಿಸಿನೀರಿಗೆ. ಗಗನಸಖಿ ಎದ್ದು ನಾಲ್ಕು ಹೆಜ್ಜೆ ಬಂದಳು. ಅಷ್ಟರಲ್ಲಿ ವಿಮಾನ ಒಮ್ಮೆಲೇ ಕುಸಿಯಿತು. ಅವಳ ತಲೆ ಚಾವಣಿಗೆ ಬಡಿಯಿತು. ಕೆಳಗೆ ಬಿದ್ದಾಗ ಸೊಂಟ ಮುರಿಯಿತು.

ಮರುದಿನವೇ ಮಾಸ್ತರರು, ತಾವು ಬೆಲ್ ಒತ್ತಿದ್ದರಿಂದಲೇ ಹೀಗಾಯಿತೆಂದು ಕ್ಷಮೆ ಕೇಳಿ ಅವಳಿಗೆ ಪತ್ರ ಬರೆದರು. ಸಮಾಧಾನವಾಗಲಿಲ್ಲ. ತಿಂಗಳಾದ ಮೇಲೆ ಮೋಸಂಬಿ ಹಿಡಿದುಕೊಂಡು ಆಸ್ಪತ್ರೆಗೇ ಬಂದರು.

"ನನ್ನಿಂದ ಹೀಗಾಯ್ತಮ್ಮ. ಬಿಸಿನೀರು ಕುಡೀದಿದ್ರೆ ನಾನೇನು ಸಾಯ್ತಿರಲಿಲ್ಲ."

ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು.

"ನಿಮ್ಮ ಬೆಲ್ ನಮಗೆ ಕೇಳಿಸಲೇ ಇಲ್ಲ ಸರ್. ಆ ಸಾಲಿನದು ಕೆಟ್ಟು ಮೂರು ದಿನ ಆಗಿತ್ತು."

"ಮತ್ತೆ ನೀನು ಎದ್ದಿದ್ದು ಯಾಕಮ್ಮ?"

"ನನ್ನ ಫೋನ್ ಮುಂದಿನ ಬಾಗಿಲ ಹತ್ರ ಮರೆತು ಬಂದಿದ್ದೆ, ತರೋಕೆ. ದೀಪ ಉರೀವಾಗ ಸ್ವಂತಕ್ಕೆ ಎದ್ರೆ ನಮ್ಮಲ್ಲಿ ಕೆಲಸದಿಂದ ತೆಗೀತಾರೆ."

ಮಾಸ್ತರರು ತಿಂಗಳ ನಂತರ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟರು. ಆಮೇಲೆ ಅವಳ ಮೇಲೆ ಮರುಕ ಬಂತು.

"ಅಯ್ಯೋ, ಹಾಗಾದ್ರೆ ಕೆಲಸ ಹೋಯ್ತಾ?"

"ಇಲ್ಲ ಸರ್. ವಿಚಾರಣೆಗೆ ಬಂದವರಿಗೆ ನಿಮ್ಮ ಪತ್ರ ಕೊಟ್ಟೆ."